ಕಾಲು ತಿರುವು

ಮನುಷ್ಯನ ರಕ್ತನಾಳದೊಳಗೆ ಒರಲೆ ಹುಳು ಬಿಟ್ಟರೆ ಏನಾದೀತು? ಈ ಪ್ರಶ್ನೆಯನ್ನು ಮೊದಲು ಕೇಳಿದವರು ದೊಡ್ಡ ದೊಡ್ಡ ವಿಜ್ಞಾನಿಗಳಂತೆ. ಇರಬಹುದು. ಪ್ರಶ್ನೆ ಯಾರಾದರೂ ಕೇಳುತ್ತಾರೆ. ಉತ್ತರ ಸಿಕ್ಕಿದ್ದು ಮಾತ್ರ ಹುಬ್ಬಳ್ಳಿಯಲ್ಲಿ, ಗದಿಗೆಪ್ಪ ತೊರಗಲ್ಲನ ಬಲಗಾಲಿನಲ್ಲಿ.

ಆ ಕಾಲೇನು ಸಾಮಾನ್ಯದ ಕಾಲಲ್ಲ. ಗದಿಗೆಪ್ಪ ಓಣಿ ಓಣಿಗೆ ನೀರು ಬಿಡುವ ವಾಲ್ವ್‌ಮನ್ ಆಗಿದ್ದವನು. ಮೂವತ್ತೊಂದು ವರ್ಷ ಆಳುದ್ದದ ಕಬ್ಬಿಣದ ಚಾವಿ ಹೆಗಲಿಗೇರಿಸಿಕೊಂಡು ನಡೆದಿದ್ದ. ಅವನು ನಡೆದ ದಾರಿಯನ್ನೆಲ್ಲ ಒಂದರ ಮುಂದೊಂದು ಹಾಸಿದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಕಪ್ಪು ಚಹಾ ಕುಡಿದು, ಅರ್ಧ ದಾರಿ ವಾಪಸು ಬರಬಹುದು. ನಂಬದವರು ಅಳೆದುಕೊಂಡು ಬರಲಿ.

ನಿವೃತ್ತನಾಗಿ ಎರಡು ವರ್ಷ ತುಂಬುವುದರೊಳಗೆ ಅಂಥ ಕಾಲು ಮುಷ್ಕರ ಹೂಡಿತು. ಸರಿಯಾಗಿ ನೂರು ಹೆಜ್ಜೆ. ನೂರಾ ಒಂದನೆಯದಕ್ಕೆ ಮೀನಖಂಡವನ್ನು ಯಾರೋ ಇಕ್ಕಳದಲ್ಲಿ ಹಿಡಿದು ತಿರುವಿದಂತೆ ನೋವು. ಎರಡು ನಿಮಿಷ ನಿಂತರೆ ನೋವು ಮಾಯ. ಮತ್ತೆ ನೂರು ಹೆಜ್ಜೆ, ಮತ್ತೆ ಇಕ್ಕಳ. ನಡುರಸ್ತೆಯಲ್ಲಿ ಸುಮ್ಮನೆ ನಿಂತರೆ ಮಂದಿ ಏನಾಯಿತೆಂದು ಕೇಳುತ್ತಾರಲ್ಲ, ಆ ಮರ್ಯಾದೆಗೆ ಅಂಜಿ ಅವನು ಎದುರಿಗಿದ್ದ ಅಂಗಡಿಯನ್ನು ನೋಡುತ್ತ ನಿಲ್ಲುತ್ತಿದ್ದ. ಮನೆಯ ಹೊಸ್ತಿಲಿನಿಂದ ನೂರನೆಯ ಹೆಜ್ಜೆಗೆ ಬರುವುದು ಬಳೆ ಅಂಗಡಿ. ಇದು ಅವನ ತಪ್ಪಲ್ಲ, ಊರಿನ ನಕ್ಷೆ ಮಾಡಿದವರ ತಪ್ಪು. ಆದರೆ ಸುದ್ದಿಗೆ ಕಾಲುಬೇನೆ ಇರುವುದಿಲ್ಲ; ಗದಿಗೆಪ್ಪ ಮನೆ ಮುಟ್ಟುವ ಮೊದಲೇ ಅದು ಮನೆ ಮುಟ್ಟಿ, ನೀರು ಕುಡಿದು, ಜಗುಲಿಯ ಮೇಲೆ ಕಾಲು ಚಾಚಿ ಕೂತಿತ್ತು.

"ಏನ್ರೀ, ದಿನಾ ಬಳಿ ಅಂಗಡಿ ಮುಂದ ನಿಂದರ್ತೀರಂತ?" ಎಂದಳು ಹೆಂಡತಿ ಶಾವಂತ್ರವ್ವ.

"ಕಾಲು ನೋಯ್ತೈತಿ. ಅದಕ್ಕ ನಿಂದರ್ತೀನಿ."

"ಬಳಿ ಅಂಗಡಿ ಮುಂದನ ನೋಯ್ತೈತೇನು? ಕಿರಾಣಿ ಅಂಗಡಿ ಮುಂದ ನೋಯೂದಿಲ್ಲೇನು?"

ಈ ಮಾತಿಗೆ ಇಡೀ ವೈದ್ಯಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

ಬಲಗಾಲಿನ ಕಿರುಬೆರಳಿನ ತುದಿ ಒಂದು ದಿನ ಹುರಿದ ಗೋಡಂಬಿಯಂತೆ ಕಪ್ಪಾದಾಗ ಮಾತ್ರ ಶಾವಂತ್ರವ್ವನ ತಮಾಷೆ ನಿಂತಿತು. ಅವಳೇ ಗಂಡನನ್ನು ಆಟೋಕ್ಕೆ ಹತ್ತಿಸಿ, ಊರ ಹೊರಗಿನ ರಕ್ತನಾಳ ಸಂಶೋಧನಾಲಯಕ್ಕೆ ಕರೆದೊಯ್ದಳು.

ಅಲ್ಲಿ ಡಾಕ್ಟರ್ ನಸೀಮಾ ಮುಳಗುಂದ ಅವನ ಪಾದಕ್ಕೆ ತಣ್ಣನೆಯ ಅಂಟು ಸವರಿ, ಪೆನ್ನಿನಂಥ ಯಂತ್ರವೊಂದನ್ನು ಒತ್ತಿದರು. ಪೆಟ್ಟಿಗೆಯೊಂದರಿಂದ ಸದ್ದು ಬಂತು: ಸ್ಸ್... ಸ್ಸ್... ಸಣ್ಣಗೆ, ಬೇಸರ ಬಂದವರ ಉಸಿರಿನಂತೆ.

"ಇದು ಲೈನಿನ ಕಟ್ಟಕಡೀ ಮನೀ ನಳದ ಸಪ್ಪಳ ಐತ್ರೀ ಡಾಕ್ಟರ್‌ಬಾಯಾರ" ಎಂದ ಗದಿಗೆಪ್ಪ. "ಮ್ಯಾಲಿನ ಮಂದಿ ಎಲ್ಲಾ ತುಂಬಿಕೊಂಡು, ಇವರಿಗೆ ಬರೇ ಗಾಳಿ ಬರ್ತಿರತೈತಿ."

ಡಾಕ್ಟರು ಅವನನ್ನೇ ನೋಡಿದರು. ಏಳು ವರ್ಷ ಓದಿದ ಹುಡುಗರಿಗೆ ಅವರು ಮೂರು ದಿನ ಬಡಿದಾಡಿ ತಿಳಿಸುತ್ತಿದ್ದುದನ್ನು ಈ ಮನುಷ್ಯ ಒಂದು ಉಸಿರಿನಲ್ಲಿ ಹೇಳಿದ್ದ. "ಖರೇ ಅದ ಕಾಕಾ. ಕೈಯಾಗ ಒತ್ತಡ ನೂರಾ ನಲವತ್ತು, ಹಿಮ್ಮಡಿ ಹತ್ರ ಬರೇ ನಲವತ್ತೆರಡು. ತೊಡಿಯಿಂದ ಮೊಳಕಾಲ ಹಿಂದ ಇಳಿಯೋ ನಾಳ ಕಟ್ಟೇದ. ಬೀಡಿ, ಸಕ್ಕರಿ ಕಾಯಿಲೆ, ಎರಡೂ ಕೂಡಿ ಸುಣ್ಣ ಹೊಡದಾವ."

ಇಲ್ಲಿಗೆ ಬರುವ ಮೊದಲೇ ಮಾಡಬೇಕಾದ್ದೆಲ್ಲ ಆಗಿತ್ತು. ಬೀಡಿ ನಿಂತಿತ್ತು. ರಕ್ತ ತೆಳುವಾಗುವ ಗುಳಿಗೆಗಳನ್ನು ಅವನು ನುಂಗಿದ್ದು ಎಷ್ಟೆಂದರೆ, ಒಟ್ಟು ಹಾಕಿದ್ದರೆ ಉಣಕಲ್ ಕೆರೆಗೆ ಒಡ್ಡು ಕಟ್ಟಬಹುದಿತ್ತು. ಬೇರೊಂದು ಆಸ್ಪತ್ರೆಯಲ್ಲಿ ಎರಡು ಸಲ ನಾಳದೊಳಗೆ ಬಲೂನು ಊದಿ ಹಿಗ್ಗಿಸಿ, ಜಾಲರಿಯ ಕೊಳವೆ ಕೂರಿಸಿದ್ದರು. ಎರಡು ಸಲವೂ ಮತ್ತೆ ಕಟ್ಟಿತ್ತು. ಕಾಲಿನದೇ ಬೇರೆ ರಕ್ತನಾಳ ತೆಗೆದು ಬೈಪಾಸ್ ಮಾಡೋಣವೆಂದರೆ, ಅವನ್ನು ಆರು ವರ್ಷದ ಹಿಂದೆ ಹೃದಯದ ಆಪರೇಷನ್ನಿಗೇ ಬಳಸಿಬಿಟ್ಟಿದ್ದರು. ಇನ್ನು ಉಳಿದದ್ದು ಎರಡು: ಗರಗಸ, ಇಲ್ಲವೇ ಒರಲೆ.

ಡಾಕ್ಟರು ನೀಲಿ ಪೆನ್ನಿನಿಂದ ಕಿರುಬೆರಳಿನ ಬುಡಕ್ಕೆ ಒಂದು ಗೆರೆ ಎಳೆದರು. "ಐದು ವಾರ ನೋಡೋಣ. ಈ ಕಪ್ಪು ಈ ಗೆರಿ ದಾಟಿದ್ರ ಮಾತ್ರ ಮೊಳಕಾಲ ಕೆಳಗ ತೆಗೀಬೇಕಾಗ್ತದ ಕಾಕಾ. ಮುಚ್ಚಿಟ್ಟು ಹೇಳಾಕ ಬರೂದಿಲ್ಲ ನನಗ."

ಶಾವಂತ್ರವ್ವ ಆ ಗೆರೆಯನ್ನು ನೋಡಿದಳು. ಅದು ದಾರದಷ್ಟು ಸಣ್ಣದಿತ್ತು. ಹೊಸ್ತಿಲಿನಷ್ಟು ದಪ್ಪ ಎಳೆಯಬಾರದಿತ್ತೇ ಎಂದು ಅವಳಿಗೆ ಅನಿಸಿತು.

*

ಒರಲೆಗಳಿಗೆ ಒಂದೂವರೆ ಸಾಲಿನಷ್ಟು ಉದ್ದದ ಸರಕಾರಿ ಹೆಸರಿತ್ತು. ಅದನ್ನು ಹೇಳಿ ಮುಗಿಸುವುದರೊಳಗೆ ರೋಗಿಗೆ ಇನ್ನೆರಡು ರೋಗ ಬರುತ್ತಿತ್ತು. ಗದಿಗೆಪ್ಪ ಮೊದಲ ದಿನವೇ ಅವಕ್ಕೆ ಒರಲಿ ಎಂದು ಹೆಸರಿಟ್ಟ. ಆಮೇಲೆ ಡಾಕ್ಟರೂ ಹಾಗೇ ಕರೆದರು.

ಹುಳುವಲ್ಲ, ಹುಳುವಿನಂಥ ಯಂತ್ರಗಳು; ಒಟ್ಟು ನಲವತ್ತು ಸಾವಿರ. ಒಂದು ಸಾಸಿವೆ ಕಾಳಿನ ಮೇಲೆ ಸಾವಿರ ಒರಲೆ ಕೂತು ಪಂಚಾಯಿತಿ ನಡೆಸಬಹುದು, ಅಧ್ಯಕ್ಷರಿಗೆ ಕಾಲು ಚಾಚಲು ಜಾಗವೂ ಉಳಿಯುತ್ತದೆ, ಅಷ್ಟು ಸಣ್ಣವು. ಮಣಿಕಟ್ಟಿನ ನಾಳದಿಂದ ಒಳಗೆ ಬಿಟ್ಟರೆ, ಹಿಮ್ಮಡಿಯ ಮೇಲೆ ತೊಡಿಸಿದ ಕಡಗದ ಅಯಸ್ಕಾಂತ ಅವನ್ನು ಎಳೆದುಕೊಂಡು ಕಾಲಿಗೆ ತರುತ್ತದೆ. ಅರ್ಧದಷ್ಟು ಒರಲೆ ನಾಳದ ಗೋಡೆಯ ಸುಣ್ಣ ಕೊರೆದು ಹೊಟ್ಟೆಗೆ ಹಾಕಿಕೊಳ್ಳುತ್ತವೆ, ತುಣುಕು ಕೆಳಗೆ ತೇಲಿ ಹೋಗಲು ಬಿಡುವುದಿಲ್ಲ. ಹೊಟ್ಟೆ ತುಂಬಿದವು ಕರಗಿ, ಮೂತ್ರದ ದಾರಿ ಹಿಡಿದು ಹೊರಬೀಳುತ್ತವೆ. ಉಳಿದರ್ಧ ಒಂದರ ಕೈ ಒಂದು ಹಿಡಿದು ಕೊರೆದ ಜಾಗದ ಕೆಳಗೆ, ಮೊದಲಿನಷ್ಟೇ ಸಂದು ಬಿಟ್ಟು, ಬಾಗಿಲು ಕಟ್ಟುತ್ತವೆ. ಬಾಗಿಲೇಕೆಂದರೆ, ವರ್ಷಗಟ್ಟಲೆ ಉಪವಾಸ ಬಿದ್ದ ಮಾಂಸಕ್ಕೆ ಒಮ್ಮೆಲೇ ರಕ್ತ ನುಗ್ಗಿದರೆ ಅದು ಬಾತುಕೊಂಡು ತನ್ನನ್ನು ತಾನೇ ಹಿಚುಕಿ ಸಾಯುತ್ತದೆ. ಇಪ್ಪತ್ತೊಂದು ದಿನ ಕೊರೆಯುವುದು; ಆಮೇಲೆ ಸಂಶೋಧನಾಲಯದಲ್ಲಿ ಕೂರಿಸಿ ಒಂದು ತಾಸಿನಲ್ಲಿ ಬಾಗಿಲನ್ನು ಪೂರ್ತಿ ತೆರೆಯುವುದು. ಇದು ಲೆಕ್ಕ.

ನಿಯಂತ್ರಣ ಕೊಠಡಿಯ ಪರದೆ ಥೇಟರಿನ ಪರದೆಗಿಂತ ದೊಡ್ಡದು. ಅದರ ಮೇಲೆ ಗದಿಗೆಪ್ಪ ತನ್ನ ತೊಡೆಯ ಒಳಗನ್ನು ಕಂಡ. ನೀರು ಕಾಯಿಸುವ ಹಂಡೆಯ ತಳದ ಹಾಗೆ ಬಿಳಿ ಪದರ, ಅದರ ನಡುವೆ ಸೂಜಿ ಹೋಗುವಷ್ಟು ಸಂದು.

"ಅಬಬಬ! ಇದನ್ನ ಮೊದಲ ತೋರಿಸಿದ್ರ ಬೀಡಿ ಹಚ್ಚತಿದ್ದಿಲ್ಲಲ್ರೀ ನಾ!"

ಒರಲೆಗಳಿಗೆ ಮಾತು ಕಲಿಸಿದವನು ಎಂಜಿನಿಯರ್ ಕೌಸ್ತುಭ. ಬೆಂಗಳೂರಿನವನು, ಮೂವತ್ತೆಂಟಕ್ಕೇ ನೆತ್ತಿ ಬಯಲಾದವನು. ಕನ್ನಡದ ಅಷ್ಟೂ ನಿಘಂಟುಗಳನ್ನು ಕಡಗದ ಹೊಟ್ಟೆಗೆ ತುರುಕಿದ್ದ. ಮನುಷ್ಯನ ಮೈಯೊಳಗಿನ ಯಂತ್ರ ಮೈಯ ಒಡೆಯನ ಮಾತನ್ನೇ ಕೇಳಬೇಕು, ಹೊರಗಿನವರ ಕೈಗೆ ಸಿಕ್ಕಬಾರದು ಎಂದು ಆಗ ಕಾನೂನಾಗಿತ್ತು. ಹಾಗಾಗಿ ಕಡಗ ಗದಿಗೆಪ್ಪನ ದನಿಯೊಂದನ್ನೇ ಗುರುತಿಸುತ್ತಿತ್ತು.

"ನಾಲ್ಕೇ ಮಾತು ಅಂಕಲ್," ಎಂದ ಕೌಸ್ತುಭ. "ನಡೆ ಅಂದ್ರೆ ಕೊರೀತವೆ. ನಿಲ್ಲು ಅಂದ್ರೆ ನಿಲ್ತವೆ. ಬಿಡು ಅಂದ್ರೆ ಬಾಗಿಲು ತೆರೀತವೆ. ಹಿಡಿ ಅಂದ್ರೆ ಮುಚ್ತವೆ. ಮನೇಲಿ ಪಾದ ತೀರಾ ತಣ್ಣಗಾಯ್ತು ಅನ್ಸಿದ್ರೆ ಒಂದು ನಿಮಿಷ ಕಾಲು ಬಿಡು ಅನ್ನಿ."

"ಕಾಲು ಬಿಡಾಕ ಒಲ್ಲೆ ಅಂತನs ನಿಮ್ಮ ಕಡೆ ಬಂದೀನಲ್ಲೋ ತಮ್ಮಾ!"

"ಅಯ್ಯೋ, ಆ ಕಾಲಲ್ಲ ಅಂಕಲ್. ನಾಲ್ಕರಲ್ಲಿ ಒಂದು ಭಾಗ. ಕಾಲು, ಅರ್ಧ, ಮುಕ್ಕಾಲು. ಏನೂ ಹೇಳದೆ ಬರೀ ಬಿಡು ಅಂದ್ರೆ ಪೂರ್ತಿ ತೆರೆಯುತ್ತೆ. ಹಾಗೆ ಮಾತ್ರ ಅನ್ಬೇಡಿ."

"ಮೂವತ್ತೊಂದು ವರ್ಷ ನೀರು ಬಿಟ್ಟಾಂವಗ ಬಿಡೂದು ಕಲಿಸ್ತಾನ ನೋಡ್ರೀ ಇಂವಾ" ಎಂದು ಗದಿಗೆಪ್ಪ ಡಾಕ್ಟರ ಕಡೆ ತಿರುಗಿ ನಕ್ಕ.

*

ಮನೆಯಲ್ಲಿ ಒರಲೆಗಳಿಗೆ ಅಳಿಯಂದಿರ ಉಪಚಾರ ನಡೆಯಿತು. ಶಾವಂತ್ರವ್ವ ದಿನಕ್ಕೆ ಹತ್ತು ಸಲ ಗಂಡನ ಹಿಮ್ಮಡಿಗೆ ಕಿವಿ ಹಚ್ಚುತ್ತಿದ್ದಳು. ನೆಲಕ್ಕೆ ಬಗ್ಗಿ ಗಂಡನ ಕಾಲಿಗೆ ಇಷ್ಟು ಸಲ ಅವಳು ಮದುವೆಯ ದಿನವೂ ಬಿದ್ದಿರಲಿಲ್ಲ.

"ಕುಟುಕುಟು ಅಂತಾವ್ರೀ. ಉಂಡಾವೋ ಇಲ್ಲೋ?"

"ಸುಣ್ಣ ತಿಂತಾವ ಅವು. ನಿನ್ನ ರೊಟ್ಟಿ ಬೇಕಾಗಿಲ್ಲ ಅವಕ್ಕ."

ಶಾವಂತ್ರವ್ವ ಕೆನ್ನೆಗೆ ಕೈಹಚ್ಚಿ ಒಂದು ಗಳಿಗೆ ಕೂತಳು. "ಅಲ್ರೀ, ಸುಣ್ಣ ತಿಂತಾವ ಅಂದ್ರ... ಎಲುಬಿನಾಗೂ ಸುಣ್ಣನs ಇರತೈತಲ್ರೀ?"

ಗದಿಗೆಪ್ಪನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗದೆ ಅರ್ಧಕ್ಕೇ ನಿಂತಿತು. ಕೂಡಲೇ ಕೌಸ್ತುಭನಿಗೆ ಫೋನು ಹೋಯಿತು. ಆ ಒಂದು ಪ್ರಶ್ನೆಗೆ ಸಂಶೋಧನಾಲಯದ ಹನ್ನೊಂದು ಮಂದಿ ಮೂರು ದಿನ ನಿದ್ದೆಗೆಟ್ಟು ಸಭೆ ಸೇರಿದರಂತೆ. ಒರಲೆ ನಾಳದ ಗೋಡೆ ದಾಟಲಾರದು, ಎಲುಬಿಗೆ ಭಯವಿಲ್ಲ ಎಂದು ಉತ್ತರ ಬಂತು. ಆದರೂ ಶಾವಂತ್ರವ್ವ ಗಂಡನ ಮೊಳಕಾಲನ್ನು ಎರಡು ದಿನ ಬೆರಳ ಗಂಟಿನಿಂದ ಕುಟ್ಟಿ, ತೆಂಗಿನಕಾಯಿ ಪರೀಕ್ಷಿಸಿದಂತೆ ಪರೀಕ್ಷಿಸಿದಳು.

ದಿನಕ್ಕೆ ಮೂರು ಸಲ ನಡೆಯಬೇಕೆಂದು ಡಾಕ್ಟರ ಅಪ್ಪಣೆಯಾಗಿತ್ತು. ನೋವು ಬರುವ ತನಕ ನಡೆ, ನೋವು ಹೋಗುವ ತನಕ ನಿಲ್ಲು, ಮತ್ತೆ ನಡೆ. ಗದಿಗೆಪ್ಪ ನಡೆದ. ಕಿರುಬೆರಳಿನ ಕಪ್ಪು, ನೀಲಿ ಗೆರೆಯ ಕಡೆಗೆ ಅಕ್ಕಿಕಾಳಿನ ಅರ್ಧದಷ್ಟು ಸರಿದಿತ್ತು. ಬೆಳಿಗ್ಗೆ ಎದ್ದವನೇ ಅದನ್ನೇ ನೋಡುತ್ತಿದ್ದ, ಹೆಂಡತಿ ನೋಡುವ ಮೊದಲು ನೋಡುತ್ತಿದ್ದ.

ಹದಿನೇಳನೆಯ ದಿನ, ಮಧ್ಯಾಹ್ನದ ಊಟವಾಗಿತ್ತು. ಗದಿಗೆಪ್ಪ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. ಶಾವಂತ್ರವ್ವ ಎಲೆಗೆ ಸುಣ್ಣ ಸವರುತ್ತ ಸಾವಕಾಶ ಶುರು ಮಾಡಿದಳು.

"ಈಗ ಬಳಿ ಅಂಗಡಿ ದಾಟಿ ಹೋಗ್ತೀರಂತ."

"ಹೌದು. ನೂರಾ ಅರವತ್ತು ಹೆಜ್ಜಿ ಆಗ್ಯಾವ." ಅವನಿಗೆ ಹೆಮ್ಮೆ.

"ನೂರಾ ಅರವತ್ತಕ್ಕ ಏನೈತಿ ಅಂತೇನಿ? ಆ ಟೇಲರ್ ಸುಲೋಚನಾನ ಅಂಗಡಿ. ಅಲ್ಲಿ ನಿಂದರ್ತೀರಂತ. ಬಳಿ ಆತು, ಇನ್ನ ಕುಪ್ಪಸಕ್ಕ ಬಂತೇನು ನಿಮ್ಮ ಕಾಲು?"

"ಏ, ಆ ಸುದ್ದಿ ಬಿಡು!" ಎಂದ ಗದಿಗೆಪ್ಪ.

ಕಡಗ 'ಟಿಣ್' ಎಂದಿತು. ಹೆಣ್ಣುದನಿಯೊಂದು ಅಚ್ಚುಕಟ್ಟಾಗಿ ಹೇಳಿತು: "ಬಾಗಿಲು ಪೂರ್ತಿ ತೆರೆದಿದೆ."

ಜಲಾಶಯದ ಅಷ್ಟೂ ಗೇಟು ಒಮ್ಮೆಲೇ ಎತ್ತಿದಂತೆ ರಕ್ತ ಇಳಿಯಿತು. ಮೊದಲು ಪಾದಕ್ಕೆ ಇರುವೆ ಹರಿದಂತಾಯಿತು. ಆಮೇಲೆ ಬಿಸಿ. ಆಮೇಲೆ ಕಾಲು ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿ, ಮೀನಖಂಡ ಬಿಗಿಯಾಗಿ ಬಿಗಿಯಾಗಿ ಡೊಳ್ಳಿನಂತಾಯಿತು. ನೋವು ಎಂಥದ್ದೆಂದರೆ ಹಳೆಯ ಇಕ್ಕಳದ ನೋವು ಅದರ ಮುಂದೆ ಕಚಗುಳಿ.

"ಅಯ್ಯಯ್ಯೋ! ಬಿಡು! ಬಿಡು ಬಿಡು ಬಿಡು!" ಎಂದು ಗದಿಗೆಪ್ಪ ಒರಲೆಗಳಿಗೆ ಕೈಮುಗಿದು ಕೂಗಿದ. ಸಾಕು ಮಾಡಿರಪ್ಪ ಎಂದು ಅವನ ಅರ್ಥ.

"ಬಾಗಿಲು ಪೂರ್ತಿ ತೆರೆದಿದೆ" ಎಂದಿತು ಕಡಗ. ನಾಲ್ಕು ಸಲ ಕೇಳಿದ್ದಕ್ಕೆ ನಾಲ್ಕು ಸಲ ಹೇಳಿತು. ನಿಘಂಟಿನಲ್ಲಿ ಇರುವ ಸೌಜನ್ಯವೆಲ್ಲ ಅದಕ್ಕಿತ್ತು.

ನಿಯಂತ್ರಣ ಕೊಠಡಿಯಲ್ಲಿ ಕೆಂಪು ದೀಪ ಹತ್ತಿಕೊಂಡಿತು. ಪರದೆಯ ಮೇಲೆ ಇಪ್ಪತ್ತು ಸಾವಿರ ಒರಲೆಗಳು ಕೈ ಬಿಟ್ಟು ಗೋಡೆಗೆ ಒತ್ತಿ ನಿಂತಿದ್ದವು. ಕೌಸ್ತುಭ ಮುಚ್ಚುವ ಗುಂಡಿಯನ್ನು ಒತ್ತಿದ. ಕಾನೂನು ಅವನಿಗೆ ಅಡ್ಡ ನಿಂತಿತು: ಒಡೆಯನ ಮಾತು ಬೇಕು. ಡಾಕ್ಟರ್ ನಸೀಮಾ ಆಂಬುಲೆನ್ಸಿಗೆ ಹೇಳಿ, ಪರದೆಯ ಮೂಲೆಯಲ್ಲಿ ಏರುತ್ತಿದ್ದ ಮೀನಖಂಡದ ಒತ್ತಡ ನೋಡಿದರು. "ಇಪ್ಪತ್ತು ನಿಮಿಷ ಹಿಂಗs ಇದ್ರ ಮಾಂಸ ಸಾಯ್ತದ. ಫೋನ್ ಹಚ್ಚು, ಲಗೂನ!"

ಫೋನು ಎತ್ತಿದವಳು ಶಾವಂತ್ರವ್ವ.

"ಆಂಟೀ, ಹಿಡಿ ಅನ್ನೋಕೆ ಹೇಳಿ! ಹಿಡಿ!" ಎಂದು ಕೌಸ್ತುಭ ಕಿರುಚಿದ.

ಶಾವಂತ್ರವ್ವ ಫೋನು ನೆಲಕ್ಕಿಟ್ಟು ಗಂಡನ ಕಾಲನ್ನು ಎರಡೂ ಕೈಯಿಂದ ಗಪ್ಪನೆ ಹಿಡಿದಳು. ಅವಳ ಹಿಡಿತ ಸಾಮಾನ್ಯದ್ದಲ್ಲ. ಅದಕ್ಕೆ ಸಿಕ್ಕ ಎಮ್ಮೆ ಕೂಡ ಒದ್ದ ಇತಿಹಾಸವಿಲ್ಲ. ನೆಲದ ಮೇಲಿನ ಫೋನು ಇನ್ನೂ ಹಿಡಿ ಹಿಡಿ ಎನ್ನುತ್ತಿತ್ತು. ಆಗ ಗದಿಗೆಪ್ಪನಿಗೆ ಹೊಳೆಯಿತು.

"ಹಿಡಿ!" ಎಂದು ಕೂಗಿದ.

"ಹಿಡದೀನ್ರೀ!" ಎಂದು ಶಾವಂತ್ರವ್ವ ಇನ್ನೂ ಬಿಗಿ ಮಾಡಿದಳು.

"ಬಾಗಿಲು ಪೂರ್ತಿ ಮುಚ್ಚಿದೆ" ಎಂದಿತು ಕಡಗ.

ಪೂರ್ತಿ ಎಂದರೆ ಪೂರ್ತಿ. ಮೊದಲು ಸೂಜಿಯಷ್ಟಾದರೂ ಹರಿಯುತ್ತಿದ್ದುದು ಈಗ ಅದೂ ಇಲ್ಲ. ಪಾದ ಕಣ್ಣೆದುರೇ ಬೂದಿಯ ಬಣ್ಣಕ್ಕೆ ತಿರುಗಿತು. ಬಾತ ಮೀನಖಂಡದೊಳಗೆ ಸಿಕ್ಕಿಬಿದ್ದ ರಕ್ತ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅದರ ಮೇಲೆ ಶಾವಂತ್ರವ್ವನ ಹತ್ತೂ ಬೆರಳು.

"ಕಾಲ್ ಬಿಡು! ಏ ಶಾವಂತ್ರೀ, ಕಾಲ್ ಬಿಡಲೇ!"

'ಟಿಣ್.'

"ಬಾಗಿಲು ಕಾಲು ಭಾಗ ತೆರೆದಿದೆ."

ಶಾವಂತ್ರವ್ವ ಕೈ ತೆಗೆದಳು. ಪಾದಕ್ಕೆ ಮೆಲ್ಲಗೆ ಬಣ್ಣ ಬಂತು. ಕೆಂಪಲ್ಲ, ಬೂದಿಯಲ್ಲ, ಕಾಲಿನ ಬಣ್ಣ. ಗದಿಗೆಪ್ಪ ಕಡಗವನ್ನೇ ದಿಟ್ಟಿಸಿದ. ಅವನ ಮುಖದಲ್ಲಿ ನೋವಿನ ಜೊತೆಗೆ ಇನ್ನೇನೋ ಮೂಡುತ್ತಿತ್ತು. ಹೊಸ ಬಡಾವಣೆಗೆ ಮೊದಲ ಸಲ ನೀರು ಬಿಡಲು ಹೋದಾಗ ಮೂಡುತ್ತಿದ್ದಂಥದ್ದು.

ಅವನು ಫೋನು ಎತ್ತಿಕೊಂಡ. "ಡಾಕ್ಟರ್‌ಬಾಯಾರ, ಈ ತಮ್ಮಗ ಸುಮ್ಮಕಿರಾಕ ಹೇಳ್ರಿ. ಒಣಗಿ ಬಿದ್ದ ಲೈನಿಗೆ ಒಂದs ತಾಸಿನಾಗ ಪೂರ್ತಿ ನೀರು ಬಿಡ್ತೀನಿ ಅಂತ ಬರದಾನಲ್ಲ ಇಂವಾ, ಇಂವನ್ನ ಒಂದ ದಿನ ನನ್ನ ಜೋಡಿ ಕಳಿಸ್ರಿ. ಹಂಗ ಬಿಟ್ರ ಪೈಪು ಒಡೀತೈತಿ. ಕಾಲು ತಿರುವು ಕೊಡಬೇಕು. ಅರವತ್ತು ಎಣಿಸಬೇಕು. ಮುಚ್ಚಬೇಕು. ಲೈನು ಉಸಿರಾಡಬೇಕು. ಮತ್ತ ಕಾಲು ತಿರುವು."

"ಎಷ್ಟು ಸಲ ಕಾಕಾ?"

"ಅದು ಲೈನ್ ಹೇಳತೈತಿ. ನಾನೂ ನೀವೂ ಹೇಳೂದಲ್ಲ."

ಡಾಕ್ಟರು ಪರದೆ ನೋಡಿದರು. ಮೀನಖಂಡದ ಒತ್ತಡ, ಏರುತ್ತಲೇ ಇದ್ದದ್ದು, ಎರಡು ಗೆರೆ ಇಳಿದಿತ್ತು. ಅವನು ಬಂದ ಕೂಡಲೇ ಒತ್ತಡ ಇಳಿಸಲು ಮೀನಖಂಡ ಸೀಳಬೇಕೆಂದು ಸಜ್ಜಾಗುತ್ತಿದ್ದವರು ಕುರ್ಚಿ ಎಳೆದುಕೊಂಡು ಕೂತರು. "ಮಾಡ್ರಿ. ಸಂಖ್ಯೆ ನಾ ಹೇಳ್ತೀನಿ, ತಿರುವು ನೀವು ಕೊಡ್ರಿ. ಏರಿತಂದ್ರ ಮಾತ್ರ ನನ್ನ ಮಾತು."

ಆಂಬುಲೆನ್ಸು ಎಮ್ಮೆ, ಮೆರವಣಿಗೆ, ಅಗೆದ ರಸ್ತೆ ಎಲ್ಲ ದಾಟಿ ಬರುವಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು. ಅಷ್ಟು ಹೊತ್ತೂ ಆ ಮನೆಯಲ್ಲಿ ನಡೆದದ್ದು ಇಷ್ಟೇ: ಗದಿಗೆಪ್ಪ ಕಾಲು ಬಿಡು ಎನ್ನುವುದು, ಶಾವಂತ್ರವ್ವ ಜೋರಾಗಿ ಅರವತ್ತರವರೆಗೆ ಎಣಿಸುವುದು, ಅವನು ಹಿಡಿ ಎನ್ನುವುದು, ಫೋನಿನಿಂದ ಡಾಕ್ಟರು ಅಂಕಿ ಓದುವುದು. ಬಾಗಿಲಲ್ಲಿ ನೆರೆದಿದ್ದ ಓಣಿಯವರು ಇದು ಯಾವ ದೇವರ ಪೂಜೆಯೆಂದು ತಿಳಿಯದೆ ಚಪ್ಪಲಿ ಕಳಚಿ ನಿಂತಿದ್ದರು. ಆಂಬುಲೆನ್ಸಿನವರು ಮೀನಖಂಡ ಮುಟ್ಟಿದರು. ಕಣಕದಷ್ಟು ಮೆತ್ತಗಾಗಿತ್ತು.

ಆದರೂ ಅವನನ್ನು ಕರೆದೊಯ್ದು ಸಂಶೋಧನಾಲಯದಲ್ಲೇ ಇಟ್ಟುಕೊಂಡರು. ಕೊರೆಯುವ ಕೆಲಸ ಮುಗಿದ ಮೇಲೆ ಒಂದು ತಾಸಿನ ಲೆಕ್ಕ ಒಂಬತ್ತು ದಿನದ ಲೆಕ್ಕವಾಯಿತು. ದಿನಕ್ಕಿಷ್ಟು ತಿರುವು, ಅದೂ ಗದಿಗೆಪ್ಪನ ಬಾಯಿಂದಲೇ. ಉಳಿದ ಹೊತ್ತಿನಲ್ಲಿ ಅವನು ಕಾರಿಡಾರಿನಲ್ಲಿ ನಡೆದ. ಅಲ್ಲಿ ಯಾವ ಅಂಗಡಿಯೂ ಇಲ್ಲದ್ದು ಶಾವಂತ್ರವ್ವನಿಗೆ ಸಮಾಧಾನ ತಂದಿತು. ಕೌಸ್ತುಭ ನಿಘಂಟಿನಿಂದ 'ಬಿಡು' ತೆಗೆದುಹಾಕಿದ. ಅದರ ಜಾಗಕ್ಕೆ ಯಾವ ಗಂಡಹೆಂಡಿರೂ ಜಗಳದಲ್ಲಿ ಆಡದ ಮಾತು ಬೇಕೆಂದು ಒಂದು ವಾರ ಹುಡುಕಿದ. ಕನ್ನಡದಲ್ಲಿ ಅಂಥದ್ದು ಸಿಗಲಿಲ್ಲ. ಕೊನೆಗೆ ಸಂಸ್ಕೃತಕ್ಕೆ ಹೋದನಂತೆ.

*

ಮೂವತ್ತೈದನೆಯ ದಿನ ಡಾಕ್ಟರ್ ನಸೀಮಾ ಪಾದದ ಪಟ್ಟಿ ಬಿಚ್ಚಿದರು. ಶಾವಂತ್ರವ್ವ ಕಣ್ಣು ಮುಚ್ಚಿಕೊಂಡಳು. ಗದಿಗೆಪ್ಪ ಮುಚ್ಚಲಿಲ್ಲ.

ಕಿರುಬೆರಳಿನ ತುದಿ ಒಣಗಿ, ಉಗುರಿನ ಸಮೇತ ಕಳಚಿ ಪಟ್ಟಿಯಲ್ಲೇ ಉಳಿದಿತ್ತು. ಅದರ ಕೆಳಗೆ ಗುಲಾಬಿ ಚರ್ಮ. ನೀಲಿ ಗೆರೆ ಇದ್ದಲ್ಲೇ ಇತ್ತು, ಗೆರೆಯ ಈಚೆಗೆ ಕಪ್ಪಿನ ಸುಳಿವಿಲ್ಲ.

"ಗರಗಸ ಬ್ಯಾಡ ಕಾಕಾ," ಎಂದರು ಡಾಕ್ಟರು. "ಬೆರಳಿನ ತುದಿ ಅಷ್ಟs ಹೋತು. ಕಾಲು ನಿಮ್ದs."

ಶಾವಂತ್ರವ್ವ ಕಣ್ಣು ತೆರೆದು, ಸೆರಗಿನಿಂದ ಮೂಗು ಒರೆಸಿಕೊಂಡು, ಗಂಡನ ಪಾದವನ್ನು ಒಂದು ಸಲ ಸವರಿ, ತನಗೇನೂ ಆಗಿಲ್ಲವೆಂಬಂತೆ ಕಿಟಕಿಯಾಚೆ ನೋಡಿದಳು.

ಕೌಸ್ತುಭ ಮಾತ್ರ ಬೋಳು ನೆತ್ತಿ ಕೆರೆಯುತ್ತ ಪರದೆಯ ಮುಂದೆ ನಿಂತಿದ್ದ. "ಡಾಕ್ಟ್ರೇ, ಲೆಕ್ಕ ಕೂಡ್ತಿಲ್ಲ. ನಾವು ತೆರೆದ ನಾಳದಿಂದ ಹಿಮ್ಮಡಿ ಹತ್ರ ತೊಂಬತ್ತು ಬರ್ಬೇಕು. ನೂರಾ ಎಂಟು ಬರ್ತಿದೆ. ಮಿಕ್ಕ ಹದಿನೆಂಟು ಎಲ್ಲಿಂದ?"

ಅವನು ಚಿತ್ರ ದೊಡ್ಡದು ಮಾಡಿದ. ಮೊಳಕಾಲಿನ ಹಿಂಬದಿಯಲ್ಲಿ, ದೊಡ್ಡ ನಾಳದ ಪಕ್ಕಕ್ಕೆ, ಕೂದಲೆಳೆಗಿಂತ ತುಸು ದಪ್ಪನೆಯ ಇನ್ನೊಂದು ನಾಳ ಕಂಡಿತು. ತೊಡೆಯಿಂದ ಹೊರಟು, ಡೊಂಕುಡೊಂಕಾಗಿ ಕಟ್ಟಿದ ಜಾಗವನ್ನು ಬಳಸಿಕೊಂಡು, ಕೆಳಗೆ ಹೋಗಿ ಸೇರಿತ್ತು. ಐದು ವಾರದ ಹಿಂದಿನ ನಕ್ಷೆಯಲ್ಲಿ ಅದು ಇರಲೇ ಇಲ್ಲ.

"ಒರಲೆ ಮಾಡಿದ್ದಲ್ಲ ಇದು" ಎಂದ ಕೌಸ್ತುಭ. "ಅವು ಆ ಕಡೆ ಹೋಗೇ ಇಲ್ಲ."

ಡಾಕ್ಟರು ಹತ್ತಿರ ಬಂದು ನೋಡಿ ನಕ್ಕರು. "ಕಾಲೇ ಮಾಡಿಕೊಂಡದ. ನೋವು ಬರೂತನಕ ನಡೆಸಿದ್ವಲ್ಲ, ಆವಾಗ ಹಸಿದ ಮಾಂಸ ಅಕ್ಕಪಕ್ಕದ ಸಣ್ಣ ನಾಳಕ್ಕ ಕರೀ ಕಳಿಸ್ತದ. ಅವು ದಿನಾ ಒಂದೀಟು ಹಿಗ್ಗತಾವ. ಎಲ್ಲಾರಿಗೂ ಇಷ್ಟು ಛಂದ ಆಗೂದಿಲ್ಲ ಖರೇ."

ಗದಿಗೆಪ್ಪ ಮಂಚದಿಂದ ಇಳಿದು ಬರಿಗಾಲಿನಲ್ಲಿ ಪರದೆಯ ಬಳಿ ಹೋದ. ಆ ಡೊಂಕು ಗೆರೆಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿನಿಂದ ಹಿಂಬಾಲಿಸಿದ. ಎರಡೂ ತುದಿಯ ಜೋಡಣೆಯನ್ನು ಬಗ್ಗಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಕಳ್ಳ ನಳ" ಎಂದ.

"ಏನಂದ್ರಿ ಅಂಕಲ್?"

"ಲೈನಿಗೆ ನೀರು ಬರಲಿಲ್ಲಂದ್ರ ಮಂದಿ ಎಷ್ಟ ದಿನ ಕಾಯ್ತಾರ ತಮ್ಮಾ? ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ತಾವs ನೆಲಾ ಅಗೀತಾರ. ಬಾಜೂ ಲೈನಿಗೆ ತೂತು ಹೊಡದು ಸುಮ್ಮಕ ಮನಿಗೆ ಎಳಕೊಂತಾರ. ಇಂಥಾವು ನೆಲದಾಗಿಂದ ಹುಡುಕಿ ಹುಡುಕಿ ಎಷ್ಟು ಕಡದೀನಿ ನಾ..." ಅವನು ಮಾತು ನಿಲ್ಲಿಸಿ ತನ್ನ ಬಲಗಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಂತ. ಒಂದು ನಿಮಿಷ, ಎರಡು ನಿಮಿಷ. ಕಾಲು ಏನೂ ಅನ್ನಲಿಲ್ಲ.

ಕೌಸ್ತುಭ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ. "ವರದೀಲಿ ಇದನ್ನ ಏನಂತ ಬರೀಲಿ ಅಂಕಲ್?"

"ಬರೀಬ್ಯಾಡ ತಮ್ಮಾ," ಎಂದ ಗದಿಗೆಪ್ಪ, ದನಿ ತಗ್ಗಿಸಿ. "ಬರದ್ರ ನೋಟೀಸ್ ಕೊಡಬೇಕಾಗತೈತಿ."